ಕಬ್ಬಿಣಕ್ಕೂ ದಣಿವಿದೆ ಎಂದು ಲೆಕ್ಕ ಹಾಕಿ ತೋರಿಸಿದ ಆಗುಸ್ಟ್ ವೋಲರ್

ಬೈಂಡಿಂಗ್ ವೈರನ್ನು ಒಮ್ಮೆ ಬಗ್ಗಿಸಿದರೆ ಏನೂ ಆಗುವುದಿಲ್ಲ. ಅದೇ ಜಾಗದಲ್ಲಿ ಹತ್ತಾರು ಸಲ ಆಚೀಚೆ ಬಗ್ಗಿಸಿದರೆ ಪಟ್ಟೆಂದು ತುಂಡಾಗುತ್ತದೆ. ಇದು ನಮಗೆಲ್ಲ ಗೊತ್ತು. ಆದರೆ ಬಾಗುವುದು ಕಣ್ಣಿಗೇ ಕಾಣದಂತಹ ದಪ್ಪ ಕಬ್ಬಿಣದ ದಂಡವೂ ಒಂದು ದಿನ ಹೀಗೆಯೇ ಮುರಿಯುತ್ತದೆ ಎಂದರೆ? 19ನೇ ಶತಮಾನದ ರೈಲುಗಳಲ್ಲಿ ಆಗುತ್ತಿದ್ದದ್ದು ಅದೇ.

1842ರ ಮೇ 8ರಂದು ಫ್ರಾನ್ಸ್‌ನಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಎಂಜಿನ್‌ನ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಇರುಸು, ಮುರಿಯಿತು. ಹಿಂದಿನ ಬೋಗಿಗಳು ಬಂದು ಅಪ್ಪಳಿಸಿ ಬೆಂಕಿ ಹತ್ತಿತು. ಬೋಗಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. 50ಕ್ಕೂ ಹೆಚ್ಚು ಜನ ಸತ್ತರು.

ಆ ಕಾಲದಲ್ಲಿ ಇದಕ್ಕೆ ಒಂದು ವಿವರಣೆ ಚಾಲ್ತಿಯಲ್ಲಿತ್ತು. ನಾರುನಾರಾಗಿರುವ ಒಳ್ಳೆಯ ಕಬ್ಬಿಣ ಅಲುಗಾಟದಿಂದ ಹರಳುಗಟ್ಟಿ ಪೆಡಸಾಗುತ್ತದೆ ಎಂದು ಅನೇಕ ಎಂಜಿನಿಯರ್‌ಗಳೇ ನಂಬಿದ್ದರು. ಮುರಿದ ಜಾಗ ಹರಳಿನಂತೆ ಹೊಳೆಯುತ್ತಿದ್ದುದೇ ಅವರಿಗೆ ಸಾಕ್ಷಿ. ಇದು ತಪ್ಪು. ಕಬ್ಬಿಣ ಮೊದಲಿನಿಂದಲೂ ಸಣ್ಣ ಸಣ್ಣ ಹರಳುಗಳಿಂದಲೇ ಆಗಿರುತ್ತದೆ. ನಿಜಕ್ಕೂ ನಡೆಯುವುದು ಬೇರೆ: ಒಂದು ಕಡೆ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ, ಪ್ರತಿ ಸುತ್ತಿಗೂ ಚೂರೇಚೂರು ಬೆಳೆಯುತ್ತದೆ, ಉಳಿದ ಭಾಗ ಭಾರ ಹೊರಲಾರದೆ ಒಮ್ಮೆಲೇ ಮುರಿಯುತ್ತದೆ.

ಈ ವಿಷಯದ ಬೆನ್ನು ಹತ್ತಿದ ವೋಲರ್ ಹುಟ್ಟಿದ್ದು 1819ರಲ್ಲಿ, ಜರ್ಮನಿಯ ಝೋಲ್ಟಾವ್ ಎಂಬ ಊರಿನಲ್ಲಿ. ಹ್ಯಾನೋವರ್‌ನಲ್ಲಿ ಓದಿ, ಬರ್ಲಿನ್ನಿನ ಬೋರ್ಸಿಗ್ ಎಂಜಿನ್ ಕಾರ್ಖಾನೆಯಲ್ಲಿ ದುಡಿದರು. 1847ರಲ್ಲಿ ಓಡರ್ ನದಿ ದಂಡೆಯ ಫ್ರಾಂಕ್‌ಫರ್ಟ್‌ನಲ್ಲಿ ರೈಲು ಎಂಜಿನ್, ಬೋಗಿಗಳ ಉಸ್ತುವಾರಿ ಅವರ ಪಾಲಿಗೆ ಬಂತು. ಅವರು ಪ್ರೊಫೆಸರ್ ಅಲ್ಲ, ವರ್ಕ್‌ಶಾಪ್ ನಡೆಸುವವರು. ಮುರಿದ ಆಕ್ಸಲ್ ಅವರಿಗೆ ಬರೀ ಥಿಯರಿಯಾಗಿರಲಿಲ್ಲ.

ನಮಗೆ ಬಹಳ ಇಷ್ಟವಾದದ್ದು ಅವರು ಶುರು ಮಾಡಿದ ರೀತಿ. ಆಕ್ಸಲ್ ಎಷ್ಟು ಭಾರ ತಡೆಯಬಲ್ಲದು ಎಂದು ಕೇಳುವ ಮೊದಲು, ಓಡುವ ರೈಲಿನಲ್ಲಿ ಅದರ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಕೇಳಿದರು. ಅದಕ್ಕಾಗಿ ಬೋಗಿಗೆ ಒಂದು ಉಪಕರಣ ಕಟ್ಟಿದರು. ಆಕ್ಸಲ್ ಬಾಗಿದಷ್ಟು ಅದರ ಮುಳ್ಳು ಸತುವಿನ ತಗಡಿನ ಮೇಲೆ ಗೀರು ಹಾಕುತ್ತಿತ್ತು. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ!

ಆಮೇಲೆ ಪರೀಕ್ಷಾ ಯಂತ್ರ ಕಟ್ಟಿದರು. ದಂಡದ ಒಂದು ತುದಿಯನ್ನು ಹಿಡಿದು, ಇನ್ನೊಂದು ತುದಿಗೆ ಸ್ಪ್ರಿಂಗ್‌ನಿಂದ ಭಾರ ಕೊಟ್ಟು ತಿರುಗಿಸುತ್ತಲೇ ಇರುವುದು, ಮುರಿಯುವವರೆಗೆ ಸುತ್ತು ಎಣಿಸುವುದು. ವೇಗ ನಿಮಿಷಕ್ಕೆ ಸುಮಾರು 70 ಸುತ್ತು. ಒಂದು ಕೋಟಿ ಸುತ್ತಿಗೆ ಹಗಲು ರಾತ್ರಿ ಓಡಿಸಿದರೂ ಮೂರು ತಿಂಗಳ ಮೇಲೆ ಬೇಕು.

ಫಲಿತಾಂಶ ಸ್ಪಷ್ಟವಾಗಿತ್ತು. ಒಂದೇ ಸಲಕ್ಕೆ ಮುರಿಯಲು ಬೇಕಾದ ಭಾರಕ್ಕಿಂತ ತೀರಾ ಕಡಿಮೆ ಭಾರವೂ ಲಕ್ಷಾಂತರ ಸಲ ಬಿದ್ದರೆ ಆಕ್ಸಲ್ ಮುರಿಯುತ್ತದೆ. ಭಾರ ಎಷ್ಟು ಎನ್ನುವುದಕ್ಕಿಂತ ಅದು ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತದೆ ಎನ್ನುವುದೇ ಮುಖ್ಯ. ದಪ್ಪ ತಟ್ಟನೆ ಬದಲಾಗುವ ಚೂಪು ಮೂಲೆ ಇದ್ದರೆ ಅಲ್ಲೇ ಅಪಾಯ. ಮತ್ತೊಂದು ಮಾತು: ಒಂದು ಮಿತಿಯ ಕೆಳಗಿನ ಭಾರಕ್ಕೆ ಎಷ್ಟು ತಿರುಗಿಸಿದರೂ ಅವರ ಕೆಲವು ದಂಡಗಳು ಮುರಿಯಲೇ ಇಲ್ಲ.

1867ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಇವನ್ನು ತೋರಿಸಿದರು, 1870ರಲ್ಲಿ ಕೊನೆಯ ವರದಿ ಬಂತು. ಅವರು ಕೊಟ್ಟದ್ದು ಬರೀ ಕೋಷ್ಟಕಗಳನ್ನು. ಅವನ್ನು ಗ್ರಾಫ್ ಮಾಡಿದವರು ಬೇರೆಯವರು, ಹೆಸರು ಮಾತ್ರ ಇಂದಿಗೂ ವೋಲರ್ ರೇಖೆ. ಮುಂದೆ ಸ್ಟ್ರಾಸ್‌ಬರ್ಗ್‌ನಲ್ಲಿ ರೈಲ್ವೆಯ ಹಿರಿಯ ಹುದ್ದೆ ನಿರ್ವಹಿಸಿ, 1914ರಲ್ಲಿ 94ನೇ ವಯಸ್ಸಿನಲ್ಲಿ ಹ್ಯಾನೋವರ್‌ನಲ್ಲಿ ತೀರಿಕೊಂಡರು.

ಆ ಮಿತಿಯ ಕೆಳಗೆ ಉಕ್ಕಿಗೆ ಸಾವೇ ಇಲ್ಲ ಎಂದು ಎಂಜಿನಿಯರ್‌ಗಳು ಬಹುಕಾಲ ಲೆಕ್ಕ ಹಾಕಿದರು. ಸಾಮಾನ್ಯವಾಗಿ ಒಂದು ಕೋಟಿ ಸುತ್ತು ದಾಟಿದರೆ ಪಾಸ್. ಆದರೆ ಹೈಸ್ಪೀಡ್ ರೈಲಿನ ಬಿಡಿಭಾಗಗಳು, ಟರ್ಬೈನ್‌ಗಳು ತಮ್ಮ ಆಯಸ್ಸಿನಲ್ಲಿ 100 ಕೋಟಿ ಸುತ್ತನ್ನೂ ದಾಟುತ್ತವೆ. ವೋಲರ್ ಯಂತ್ರದಲ್ಲಿ ಅಷ್ಟು ಎಣಿಸಲು 27 ವರ್ಷ ಬೇಕು. ಯಾರು ಕಾಯುತ್ತಾರೆ?

ಉತ್ತರ ಶಬ್ದದಿಂದ ಬಂತು. 1950ರಲ್ಲಿ ಅಮೆರಿಕದ ವಾರನ್ ಮೇಸನ್ ಸೆಕೆಂಡಿಗೆ 20,000 ಸಲ ಕಂಪಿಸುವ ಅಲ್ಟ್ರಾಸಾನಿಕ್ ಯಂತ್ರ ಕಟ್ಟಿದರು. (ಆಸ್ಪತ್ರೆಯ ಸ್ಕ್ಯಾನ್‌ಗೂ ಇದೇ ಹೆಸರು, ಅಲ್ಲಿ ಶಬ್ದದಿಂದ ಒಳಗೆ ನೋಡುತ್ತಾರೆ. ಇಲ್ಲಿ ಅದರಿಂದಲೇ ಲೋಹವನ್ನು ದಣಿಸುತ್ತಾರೆ.) ಲೋಹದ ತುಂಡಿನ ಉದ್ದವನ್ನು ಕಂಪನಕ್ಕೆ ಹೊಂದಿಸುತ್ತಾರೆ, ಆಗ ನಡುಭಾಗ ಎಳೆದು ಒತ್ತಿ ಆಗುತ್ತಿರುತ್ತದೆ. ಬಿಸಿಯೇರದಂತೆ ಗಾಳಿ ಹಾಯಿಸುತ್ತಾರೆ, ನಡುನಡುವೆ ನಿಲ್ಲಿಸುತ್ತಾರೆ. ವೋಲರ್‌ಗೆ ಮೂರು ತಿಂಗಳು ಹಿಡಿಯುತ್ತಿದ್ದ ಒಂದು ಕೋಟಿಗೆ ಇಲ್ಲಿ 500 ಸೆಕೆಂಡ್ ಸಾಕು. ನಿಲ್ಲಿಸದೆ ಓಡಿಸಿದರೆ 100 ಕೋಟಿಗೆ ಸುಮಾರು 14 ಗಂಟೆ.

ಹೀಗೆ ಎಣಿಸಿದಾಗ, ಒಂದು ಕೋಟಿಯಲ್ಲಿ ಪಾಸಾದ ಹಲವು ಗಟ್ಟಿ ಉಕ್ಕುಗಳು ಅದೇ ಮಿತಿಯ ಕೆಳಗೂ ಮುರಿದವು. ಬಿರುಕು ಹುಟ್ಟಿದ್ದು ಹೆಚ್ಚಾಗಿ ಮೇಲ್ಮೈಯಲ್ಲಲ್ಲ, ಒಳಗೆ, ಉಕ್ಕು ತಯಾರಾಗುವಾಗ ಸಿಕ್ಕಿಕೊಂಡ ಕಸದ ಕಣದ ಸುತ್ತ. ಮುರಿದ ಮುಖದಲ್ಲಿ ಅದು ದುಂಡಗೆ ಕಾಣುತ್ತದೆ. ಸಂಶೋಧಕರು ಅದನ್ನು ಮೀನಿನ ಕಣ್ಣು ಎಂದೇ ಕರೆಯುತ್ತಾರೆ.