ಗೇಟಿನ ಒಳಗೆ, ಗೇಟಿನ ಹೊರಗೆ: ಚಿಂಚೋಳಿಯ ವೀರೇಂದ್ರ ಪಾಟೀಲರು

ವೀರೇಂದ್ರ ಪಾಟೀಲರು ಅಂದ ಕೂಡಲೇ ನಮ್ಮ ಕಡೆ ಮಂದಿಗೆ ಎರಡು ಸಂಗತಿ ನೆನಪಾಗುತ್ತವೆ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತದ್ದು, 1990ರಲ್ಲಿ ಕಾಯಿಲೆ ಬಿದ್ದಾಗ ಮುಖ್ಯಮಂತ್ರಿ ಕುರ್ಚಿ ಕಳೆದುಕೊಂಡದ್ದು. ನಡುವೆ ಎರಡು ವರ್ಷ ಅವರು ದಿಲ್ಲಿಯಲ್ಲಿ ಕಾರ್ಮಿಕ ಸಚಿವರಾಗಿದ್ದರು ಅನ್ನೋದು ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ. ದವಾಖಾನೆ ಖರ್ಚು ಯಾರು ಕೊಡಬೇಕು, ಸರ್ಕಾರವೋ ನಾವೋ ಅಂತ ಕೇಳುವಾಗ ಆ ಎರಡು ವರ್ಷಗಳನ್ನೂ ನೋಡಬೇಕು.

ಪಾಟೀಲರು ಹುಟ್ಟಿದ್ದು 1924ರ ಫೆಬ್ರುವರಿ 28ರಂದು, ಚಿಂಚೋಳಿಯಲ್ಲಿ. ಆಗ ಇದೆಲ್ಲ ನಿಜಾಮರ ಸೀಮೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ವಕೀಲರಾದರು. 1957ರಲ್ಲಿ ಚಿಂಚೋಳಿಯಿಂದ ಶಾಸಕರಾದರು, ಮುಂದೆ ನಿಜಲಿಂಗಪ್ಪನವರ ಸಂಪುಟ ಸೇರಿದರು. 1968ರ ಮೇ 29ರಂದು ಮುಖ್ಯಮಂತ್ರಿಯಾದಾಗ ಅವರಿಗೆ ಬರೀ 44 ವರ್ಷ. ಹೈದರಾಬಾದ್ ಕರ್ನಾಟಕದಿಂದ ಆ ಕುರ್ಚಿಯಲ್ಲಿ ಕೂತ ಮೊದಲಿಗರು ಅವರೇ. ಅದೇ ವರ್ಷ ವಾಡಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ನಿಜಾಮರ ಕಾಲದಿಂದಲೇ ಇತ್ತು. 1980ರ ದಶಕದಲ್ಲಿ ಸೇಡಂ ತಾಲ್ಲೂಕಿಗೂ ದೊಡ್ಡ ಕಾರ್ಖಾನೆಗಳು ಬಂದವು.

1969ರಲ್ಲಿ ಕಾಂಗ್ರೆಸ್ ಒಡೆದಾಗ ಪಾಟೀಲರು ನಿಜಲಿಂಗಪ್ಪನವರ ಜೊತೆ ಉಳಿದರು. 1971ರಲ್ಲಿ ಅವರ ಸರ್ಕಾರ ಬಿತ್ತು. ಚಿಕ್ಕಮಗಳೂರಿನಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆಮೇಲೆ ತಾವು ಎದುರಿಸಿದ್ದ ಇಂದಿರಾ ಅವರ ಪಕ್ಷಕ್ಕೇ ಬಂದು, 1980ರಲ್ಲಿ ಬಾಗಲಕೋಟೆಯಿಂದ ಗೆದ್ದು ಕೇಂದ್ರ ಸಚಿವರಾದರು. 1982ರಲ್ಲಿ ಕಾರ್ಮಿಕ ಖಾತೆ ಸಿಕ್ಕಿತು. ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದ್ರೆ ನಾವು ಇಎಸ್‌ಐ ಅನ್ನೋದು, ಇದೇ ಖಾತೆಗೆ ಸೇರಿದ್ದು.

ಈ ಯೋಜನೆಯ ಲೆಕ್ಕ ಸ್ವಲ್ಪ ಬೇರೆ. ಇದು ಪೂರ್ತಿ ಸರ್ಕಾರದ ದುಡ್ಡಲ್ಲ, ಪೂರ್ತಿ ರೋಗಿಯ ಜೇಬಿನದೂ ಅಲ್ಲ. ಕಾರ್ಮಿಕನ ಸಂಬಳದಲ್ಲಿ ಒಂದಿಷ್ಟು ಹಿಡಿಯುತ್ತಾರೆ, ಮಾಲೀಕರು ಅದಕ್ಕಿಂತ ಹೆಚ್ಚು ಹಾಕುತ್ತಾರೆ, ಚಿಕಿತ್ಸೆಯ ಖರ್ಚಿನಲ್ಲಿ ರಾಜ್ಯ ಸರ್ಕಾರವೂ ಒಂದು ಪಾಲು ಹೊರುತ್ತೆ. 2019ರಿಂದ ಕಾರ್ಮಿಕನ ಪಾಲು ಶೇ. 0.75, ಮಾಲೀಕರದು ಶೇ. 3.25. ಹತ್ತು ಸಾವಿರ ಸಂಬಳಕ್ಕೆ 75 ರೂಪಾಯಿ ಇವನದು, 325 ಅವರದು. ಬದಲಿಗೆ ಮನೆಮಂದಿಗೆಲ್ಲ ಚಿಕಿತ್ಸೆ, ಕಾಯಿಲೆ ಬಿದ್ದು ರಜೆ ಹಾಕಿದರೆ ಸಂಬಳದ ಒಂದು ಭಾಗ.

ಆದರೆ ಸಂಬಳಕ್ಕೊಂದು ಮಿತಿ ಇದೆ, ಅದನ್ನು ದಾಟಿದವರು ಯೋಜನೆಯಿಂದ ಹೊರಗೆ. ಬೆಲೆ ಏರಿದಾಗ ಸಂಬಳವೂ ನಾಲ್ಕು ಕಾಸು ಏರುತ್ತೆ. ಮಿತಿ ಇದ್ದಲ್ಲೇ ಇದ್ದರೆ, ಸಂಬಳ ಹೆಚ್ಚಾದ ಖುಷಿಯಲ್ಲೇ ದವಾಖಾನೆ ಕೈತಪ್ಪುತ್ತೆ. ಪಾಟೀಲರು ಸಚಿವರಾಗಿದ್ದಾಗ, 1984ರಲ್ಲಿ, ಕಾಯ್ದೆಗೆ ತಿದ್ದುಪಡಿ ಆಯಿತು. ಮರುವರ್ಷದ ಜನವರಿಯಿಂದ ಈ ಮಿತಿ ತಿಂಗಳಿಗೆ 1000 ರೂಪಾಯಿಯಿಂದ 1600ಕ್ಕೆ ಏರಿತು. ಕಾರ್ಖಾನೆಗಳಲ್ಲಿ ದುಡಿಯೋರಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಗೇಟಿನ ಹೊರಗಿನವರ ಕತೆ ಬೇರೆ. 1948ರ ಇಎಸ್‌ಐ ಕಾಯ್ದೆ ಗಣಿಯನ್ನು ಕಾರ್ಖಾನೆ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. 1984ರ ತಿದ್ದುಪಡಿಯೂ ಅದನ್ನು ಬದಲಿಸಲಿಲ್ಲ. ಊರೂರಿನ ಮನೆಗಳಿಗೆ ಶಹಾಬಾದ್ ಫರ್ಸಿ ಕಡಿದು ಕೊಟ್ಟವರು, ಚಿತ್ತಾಪುರ, ಚಿಂಚೋಳಿಯ ತೊಗರಿ ಹೊಲಗಳಲ್ಲಿ ಕೂಲಿ ಮಾಡಿದವರು ಈ ಯೋಜನೆಯಲ್ಲಿ ಇರಲಿಲ್ಲ. ಅವರಿಗಿದ್ದದ್ದು ಸರ್ಕಾರಿ ದವಾಖಾನೆ. ಅಲ್ಲಿ ಆಗದಿದ್ದರೆ ಸಾಲ ಮಾಡಿ ಖಾಸಗಿ.

1983ರಲ್ಲಿ ದೇಶದ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ ಬಂತು. ಆಗ ಪಾಟೀಲರು ಸಂಪುಟದಲ್ಲೇ ಇದ್ದರು. 2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಅನ್ನೋ ಗುರಿ ಇಟ್ಟ ಅದೇ ನೀತಿ, ಸರ್ಕಾರದ ಖರ್ಚು ತಗ್ಗಿಸಲು ಖಾಸಗಿ ವೈದ್ಯರನ್ನು ಪ್ರೋತ್ಸಾಹಿಸಬೇಕು ಅಂತಲೂ ಹೇಳಿತ್ತು. ಸರ್ಕಾರ ಕೈಬಿಟ್ಟ ಖರ್ಚು ಮನೆಮಂದಿಯ ತಲೆಗೆ ಬರುತ್ತೆ. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2013-14ರಲ್ಲೂ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ. 64.2 ಜನ ನೇರವಾಗಿ ಜೇಬಿನಿಂದ ಕೊಟ್ಟದ್ದು, ಸರ್ಕಾರದ್ದು ಶೇ. 28.6 ಮಾತ್ರ. 2021-22ಕ್ಕೆ ಜೇಬಿನ ಪಾಲು ಶೇ. 39.4ಕ್ಕೆ ಇಳಿದು, ಸರ್ಕಾರದ್ದು ಶೇ. 48ಕ್ಕೆ ಏರಿತು. ಇಳಿದದ್ದು ಒಳ್ಳೆಯದೇ. ಆದರೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಇನ್ನೂ ಜನರೇ ಕೊಡ್ತಿದ್ದಾರೆ.

1989ರಲ್ಲಿ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಎರಡನೇ ಸಲ ಮುಖ್ಯಮಂತ್ರಿಯಾದರು. ವರ್ಷ ತುಂಬುವ ಮುಂಚೆಯೇ ಪಾರ್ಶ್ವವಾಯು ಬಡಿಯಿತು. 1990ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದ ರಾಜೀವ್ ಗಾಂಧಿ, ನಾಯಕನ ಬದಲಾವಣೆಯನ್ನು ವಿಮಾನ ನಿಲ್ದಾಣದಲ್ಲೇ ಹೇಳಿ ಹೊರಟರು. 1997ರ ಮಾರ್ಚ್ 14ರಂದು ಪಾಟೀಲರು ತೀರಿಕೊಂಡರು.

ಇದೇ ಜಿಲ್ಲೆಯ ಮಲ್ಲಿಕಾರ್ಜುನ ಖರ್ಗೆಯವರು 2009ರಲ್ಲಿ ಅದೇ ಕಾರ್ಮಿಕ ಖಾತೆ ವಹಿಸಿಕೊಂಡರು. 2013ರಲ್ಲಿ ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಶುರುವಾಯಿತು. ಅದರ ಹಿಂದೆ ಕಾರ್ಮಿಕರ ಸಂಬಳದಿಂದ ಹಿಡಿದ ರೂಪಾಯಿಗಳೂ ಇವೆ. ಪಾಟೀಲರ ಕಾಲದ ತಿದ್ದುಪಡಿಯಿಂದ ನಾವು ಕಲಿಯೋದು ಇಷ್ಟು: ಸಂಬಳ ಚೀಟಿ ಇದ್ದವರಿಗೆ ಮೂರು ಕೈ ಸೇರಿಸಿ ದುಡ್ಡು ಕೂಡಿಸಬಹುದು. ಕಲ್ಲುಗಣಿಯ ದಿನಗೂಲಿಯವರಿಗೆ ಪಾಲು ಹಾಕಲು ಮಾಲೀಕನೇ ಸಿಗದಿದ್ದಾಗ, ಆ ಪಾಲನ್ನು ಸರ್ಕಾರವೇ ಹಾಕಬೇಕು.