ಬೆಳಕನ್ನು ಅಳೆದ ಕಲಾವಿದ

ನಿಸರ್ಗದ ಭವ್ಯತೆಯನ್ನು ಕಪ್ಪುಬಿಳುಪಿನ ಛಾಯಾಚಿತ್ರಗಳಲ್ಲಿ ಸೆರೆಹಿಡಿದು ಲೋಕವಿಖ್ಯಾತರಾದವರು ಆನ್ಸೆಲ್ ಆಡಮ್ಸ್. ಇವರು 1902ನೆಯ ಇಸವಿ ಫೆಬ್ರವರಿ 20ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜನಿಸಿದರು. ಬಾಲಕ ಆನ್ಸೆಲನಿಗೆ ಶಾಲೆಯ ಕಟ್ಟುಪಾಡು ಒಗ್ಗಲಿಲ್ಲ. ಇದನ್ನರಿತ ತಂದೆಯವರು ಮನೆಯಲ್ಲಿಯೇ ಅವನ ವಿದ್ಯಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಪಿಯಾನೊ ವಾದನದ ಕಠಿಣ ಅಭ್ಯಾಸವು ಅವನಲ್ಲಿ ಶಿಸ್ತನ್ನೂ ತಾಳ್ಮೆಯನ್ನೂ ಬೆಳೆಸಿತು.

1916ರಲ್ಲಿ ಆನ್ಸೆಲನು ತಂದೆತಾಯಿಗಳೊಡನೆ ಯೋಸೆಮಿಟಿ ಕಣಿವೆಗೆ ಹೋದನು. ಅವರು ಕೊಡಿಸಿದ ಚಿಕ್ಕದೊಂದು ಕೋಡ್ಯಾಕ್ ಕ್ಯಾಮೆರಾ ಅವನ ಬಾಳಿನ ದಾರಿಯನ್ನೇ ಬದಲಿಸಿತು. ಮುಗಿಲೆತ್ತರದ ಬಂಡೆಗಳು, ಧುಮ್ಮಿಕ್ಕುವ ಜಲಪಾತಗಳು, ಹಿಮಾಚ್ಛಾದಿತ ಶಿಖರಗಳು ಅವನನ್ನು ಮತ್ತೆ ಮತ್ತೆ ಕರೆದವು. ಮುಂದೆ ಅವರು ಸಂಗೀತವನ್ನು ಬಿಟ್ಟು ಛಾಯಾಚಿತ್ರಕಲೆಯನ್ನೇ ವೃತ್ತಿಯನ್ನಾಗಿ ಸ್ವೀಕರಿಸಿದರು.

ಛಾಯಾಗ್ರಾಹಕರು ಬೆಳಕನ್ನು ಅಳೆಯಲು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಬೆಳಕುಮಾಪಕವನ್ನು ಬಳಸುತ್ತಾರೆ. ಆದರೆ ಎದುರಿಗಿರುವುದು ಬಿಳಿಯ ಹಿಮವೋ ಕರಿಯ ಬಂಡೆಯೋ ಎಂಬುದು ಆ ಉಪಕರಣಕ್ಕೆ ತಿಳಿಯದು. ಯಾವುದರತ್ತ ಹಿಡಿದರೂ ಅದು ಚಿತ್ರದಲ್ಲಿ ನಡುಬೂದು ಬಣ್ಣವಾಗಿ ಮೂಡುವಂತಹ ಅಳತೆಯನ್ನೇ ಸೂಚಿಸುತ್ತದೆ. ಅದನ್ನು ಹಾಗೆಯೇ ಪಾಲಿಸಿದರೆ ಹಿಮವೂ ಬೂದು, ಬಂಡೆಯೂ ಬೂದು! ಆದ್ದರಿಂದ ಹಿಮವು ಬೆಳ್ಳಗೆ ಕಾಣಬೇಕಾದರೆ ಮಾಪಕವು ಹೇಳಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಬೆಳಕನ್ನು ಫಿಲ್ಮಿಗೆ ನೀಡಬೇಕು. ಬಂಡೆಯು ಕಪ್ಪಾಗಿ ಕಾಣಬೇಕಾದರೆ ಕಡಮೆ ಮಾಡಬೇಕು. ಈ ತಿದ್ದುಪಡಿಯನ್ನು ಊಹೆಗೆ ಬಿಡದೆ ಶಾಸ್ತ್ರಬದ್ಧಗೊಳಿಸಲು ಆಡಮ್ಸರು ಫ್ರೆಡ್ ಆರ್ಚರ್ ಎಂಬುವರೊಡನೆ 1940ರ ಸುಮಾರಿಗೆ ವಲಯ ಪದ್ಧತಿಯನ್ನು ರೂಪಿಸಿದರು. ಇದರಲ್ಲಿ ಅಚ್ಚಕಪ್ಪಿನಿಂದ ಅಚ್ಚಬಿಳುಪಿನವರೆಗೆ ಸೊನ್ನೆಯಿಂದ ಹತ್ತರವರೆಗಿನ ವಲಯಗಳಿವೆ. ಐದನೆಯದು ಮಾಪಕದ ನಡುಬೂದು. ಒಂದು ವಲಯ ಮೇಲೇರಿದರೆ ಬೆಳಕು ಇಮ್ಮಡಿ, ಒಂದು ವಲಯ ಕೆಳಗಿಳಿದರೆ ಅರ್ಧ.

ಈ ಜ್ಞಾನವು ಪರೀಕ್ಷೆಗೆ ಒಳಗಾದುದು 1941ರಲ್ಲಿ. ಶರತ್ಕಾಲದ ಒಂದು ಸಂಜೆ ಆಡಮ್ಸರು ನ್ಯೂ ಮೆಕ್ಸಿಕೊ ರಾಜ್ಯದ ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಸಾಗುತ್ತಿದ್ದರು. ಪೂರ್ವದಲ್ಲಿ ಚಂದ್ರನು ಮೇಲೇರಿದ್ದನು. ಮುಳುಗುವ ಸೂರ್ಯನ ಕಿರಣಗಳಿಂದ ಸ್ಮಶಾನದ ಶಿಲುಬೆಗಳು ಬೆಳಗುತ್ತಿದ್ದವು. ಆಡಮ್ಸರು ಕಾರನ್ನು ನಿಲ್ಲಿಸಿ ಅವಸರದಿಂದ ಕ್ಯಾಮೆರಾವನ್ನು ಹೂಡಿದರು. ಆದರೆ ಬೆಳಕುಮಾಪಕವು ಕೈಗೆ ಸಿಗಲಿಲ್ಲ! ಹುಡುಕುತ್ತ ಕುಳಿತರೆ ಸೂರ್ಯನು ಕಾಯುವನೇ? ಚಂದ್ರನ ಪ್ರಕಾಶವು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಾಯಿತು. ಚಂದ್ರನನ್ನು ಏಳನೆಯ ವಲಯದಲ್ಲಿರಿಸಿ, ಹಳದಿ ಶೋಧಕವು ತಡೆಯುವ ಬೆಳಕಿಗೆ ಬದಲಾಗಿ ಮೂರು ಪಟ್ಟು ಹೆಚ್ಚಿಸಿ, ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಒಂದು ಚಿತ್ರವನ್ನು ತೆಗೆದರು. ಇನ್ನೊಂದನ್ನು ತೆಗೆಯಲು ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ದೊರೆತ ಆ ಒಂದೇ ಚಿತ್ರವು ಅವರ ಕೃತಿಗಳಲ್ಲಿ ಅತ್ಯಂತ ಪ್ರಸಿದ್ಧವಾಯಿತು.

ಆಡಮ್ಸರು ತಮ್ಮ ವಿದ್ಯೆಯನ್ನು ಬಚ್ಚಿಡದೆ ಗ್ರಂಥಗಳ ಮೂಲಕ ಎಲ್ಲರಿಗೂ ಹಂಚಿದರು. ಕಾಡು ಬೆಟ್ಟಗಳ ರಕ್ಷಣೆಗಾಗಿಯೂ ಶ್ರಮಿಸಿದರು. 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದ ಸ್ಥಾಪನೆಗೆ ಅವರ ಚಿತ್ರಗಳು ನೆರವಾದವು. 1980ರಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ಸ್ವಾತಂತ್ರ್ಯ ಪದಕವನ್ನಿತ್ತು ಗೌರವಿಸಿದರು. 1984ರ ಏಪ್ರಿಲ್ 22ರಂದು ಆಡಮ್ಸರು ನಿಧನ ಹೊಂದಿದರು. ಮರುವರ್ಷ ಯೋಸೆಮಿಟಿಯ ಒಂದು ಶಿಖರಕ್ಕೆ ಅವರ ಹೆಸರನ್ನಿಡಲಾಯಿತು. ಉಪಕರಣವು ಅಳೆಯಬಲ್ಲದು; ಅಳತೆಯ ಅರ್ಥವನ್ನು ಮನುಷ್ಯನೇ ಅರಿಯಬೇಕು ಎಂಬುದಕ್ಕೆ ಅವರ ಬಾಳು ನಿದರ್ಶನವಾಗಿದೆ.