ಇಂದಿನ ಧಮ್ಮ ಚಿಂತನೆ: ವಾಲ್ಟರ್ ಟಲ್, ಸೈನಿಕರು ಬಿಟ್ಟುಕೊಡದ ಅಧಿಕಾರಿ

 

ಬಂಧುಗಳೇ, ಇಂದು ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ವಾಲ್ಟರ್ ಟಲ್ ಅವರನ್ನು ನೆನೆಯೋಣ.

ಅವರು ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಕೆಂಟ್ ಸೀಮೆಯ ಫೋಕ್‌ಸ್ಟನ್ ಪಟ್ಟಣದಲ್ಲಿ. ತಂದೆ ಬಾರ್ಬಡೋಸ್ ದ್ವೀಪದಿಂದ ಬಂದ ಕಪ್ಪುವರ್ಣದ ಬಡಗಿ. ಅಜ್ಜ ಗುಲಾಮರಾಗಿದ್ದವರು. ತಾಯಿ ಕೆಂಟ್‌ನ ಬಿಳಿಯ ಹೆಣ್ಣುಮಗಳು. 1895ರಲ್ಲಿ ತಾಯಿ ತೀರಿಕೊಂಡರು, 1897ರಲ್ಲಿ ತಂದೆಯೂ ಹೋದರು. ವಾಲ್ಟರ್ ಮತ್ತು ಅಣ್ಣ ಎಡ್ವರ್ಡ್ ಲಂಡನ್ನಿನ ಒಂದು ಅನಾಥಾಲಯ ಸೇರಿದರು. ಅಣ್ಣನನ್ನು ಗ್ಲಾಸ್ಗೋ ನಗರದ ಕುಟುಂಬವೊಂದು ದತ್ತು ಪಡೆಯಿತು. ವಾಲ್ಟರ್ ಅಲ್ಲೇ ಉಳಿದು ಮುದ್ರಣದ ಕೆಲಸ ಕಲಿತರು.

1908ರಲ್ಲಿ ಕ್ಲ್ಯಾಪ್ಟನ್ ಎಂಬ ಹವ್ಯಾಸಿ ತಂಡ ಸೇರಿದರು. ಅದೇ ಋತುವಿನಲ್ಲಿ ಆ ತಂಡ ಮೂರು ಕಪ್ ಗೆದ್ದಿತು. ಮರುವರ್ಷ ದೊಡ್ಡ ತಂಡವಾದ ಟಾಟೆನ್‌ಹ್ಯಾಮ್ ಅವರನ್ನು ಕರೆದುಕೊಂಡಿತು. 1909ರ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಆಡುವಾಗ ಪ್ರೇಕ್ಷಕರ ಗುಂಪೊಂದು ಮೈಬಣ್ಣ ಹಿಡಿದು ಹೊಲಸಾಗಿ ನಿಂದಿಸಿತು. ಅವರು ತಿರುಗಿ ಬೈಯಲಿಲ್ಲ, ಮೈದಾನ ಬಿಟ್ಟು ಹೋಗಲೂ ಇಲ್ಲ. ಆಟ ಮುಂದುವರಿಸಿದರು. ಆಮೇಲೆ ಮೊದಲ ತಂಡದಲ್ಲಿ ಅವರಿಗೆ ಅವಕಾಶ ಕಡಿಮೆಯಾಯಿತು. 1911ರಲ್ಲಿ ನಾರ್ಥಾಂಪ್ಟನ್ ಸೇರಿ, ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದರು.

ಮೊದಲ ಮಹಾಯುದ್ಧ ಬಂತು. 1914ರ ಡಿಸೆಂಬರ್‌ನಲ್ಲಿ ಆಟಗಾರರದೇ ಆದ ಫುಟ್‌ಬಾಲ್ ಬೆಟಾಲಿಯನ್ ಸೇರಿ ಸಾರ್ಜೆಂಟ್ ಆದರು. 1916ರಲ್ಲಿ ಸೋಮ್ ನದಿಯ ಭೀಕರ ಕದನದಲ್ಲಿದ್ದರು. ಅಂದಿನ ಬ್ರಿಟಿಷ್ ಸೇನೆಯ ನಿಯಮದಂತೆ ಬಿಳಿಯರಲ್ಲದವರು ಅಧಿಕಾರಿಯಾಗಿ ಆಜ್ಞೆ ಕೊಡುವಂತಿರಲಿಲ್ಲ. ಆದರೂ ಮೇಲಿನವರ ಶಿಫಾರಸಿನಿಂದ ತರಬೇತಿ ಪಡೆದು, 1917ರ ಮೇ ತಿಂಗಳಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಇಟಲಿಯ ಪಿಯಾವೆ ನದಿಯಾಚೆ 26 ಸೈನಿಕರನ್ನು ರಾತ್ರಿಯಲ್ಲಿ ಕರೆದೊಯ್ದು, ಒಬ್ಬರನ್ನೂ ಕಳೆದುಕೊಳ್ಳದೆ ಮರಳಿ ತಂದರು.

1918ರ ಮಾರ್ಚ್ 25ರಂದು ಫ್ರಾನ್ಸಿನ ಫಾವ್ರೆಯ್ ಬಳಿ ಗುಂಡಿಗೆ ಬಲಿಯಾದರು. ವಯಸ್ಸು 29. ಶತ್ರುಗಳು ಗುಂಡು ಹಾರಿಸುತ್ತಿದ್ದಾಗಲೇ ಅವರ ಸೈನಿಕರು ದೇಹವನ್ನು ಹೊತ್ತು ತರಲು ಹೆಣಗಿದರು. ಆಗಲಿಲ್ಲ, ದೇಹ ಸಿಗಲೇ ಇಲ್ಲ. ಅರಾಸ್ ಸ್ಮಾರಕದಲ್ಲಿ ಅವರ ಹೆಸರು ಮಾತ್ರ ಉಳಿದಿದೆ.

ಬಂಧುಗಳೇ, ನಾವು ಪಂಚಶೀಲ ಸ್ವೀಕರಿಸಿದವರು, ಯುದ್ಧವನ್ನು ಹೊಗಳಲಾರೆವು. ಆದರೆ ಇದನ್ನು ಗಮನಿಸೋಣ. ಇಂಥವನ ಮಾತನ್ನು ಬಿಳಿಯ ಸೈನಿಕ ಕೇಳಬೇಕಾಗಿಲ್ಲ ಎಂದಿತ್ತು ಆ ನಿಯಮ. ಅದೇ ಸೈನಿಕರು ಅವರ ದೇಹಕ್ಕಾಗಿ ಪ್ರಾಣವನ್ನೇ ಒತ್ತೆಯಿಟ್ಟರು. ಹುಟ್ಟನ್ನು ನೋಡಿ ಯೋಗ್ಯತೆ ಅಳೆಯುವುದು ನಮಗೆ ಹೊಸದಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದರು. ಅದೇ ಬ್ರಿಟಿಷ್ ಆಡಳಿತ 1890ರ ದಶಕದಲ್ಲಿ ಮಹಾರರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಯೋಗ್ಯತೆ ಇರಲಿಲ್ಲವೆಂದಲ್ಲ, ಜಾತಿಯ ಲೆಕ್ಕವಿತ್ತು.

ಖಂತಿ ಎಂದರೆ ತಲೆ ತಗ್ಗಿಸುವುದಲ್ಲ. ದ್ವೇಷವನ್ನು ಒಳಗೆ ಬಿಟ್ಟುಕೊಳ್ಳದೆ, ತನ್ನ ಜಾಗವನ್ನೂ ಬಿಟ್ಟುಕೊಡದೆ ನಿಲ್ಲುವುದು. ಬ್ರಿಸ್ಟಲ್‌ನ ಮೈದಾನದಲ್ಲಿ 21 ವರ್ಷದ ಆ ಹುಡುಗ ನಿಂತದ್ದು ಹಾಗೆ. ಇಂದು ಯಾರಾದರೂ ನಮ್ಮನ್ನು ಹುಟ್ಟಿನಿಂದ ಅಳೆದರೆ, ಈ ಎರಡರಲ್ಲಿ ಯಾವುದನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಒಂದು ಕ್ಷಣ ಗಮನಿಸೋಣ.

ಭವತು ಸಬ್ಬ ಮಂಗಲಂ.